ಜಡ್ ಡ್ರೈವಿಗೆ ಬಂದ ಜಡ್ಡು

“ಅಕ್ಕಾ, ನಮ್ಮ ಜಡ್ ಡ್ರೈವಿಗಿ ಜಡ್ಡು ಬಂದದರಿ” ಎಂದು ಸೇಡಂ ಕಚೇರಿಯ ಟೈಪಿಸ್ಟ್ ತಂಗಿ ಫೋನ್ ಮಾಡಿದಾಗ ನಾನು ವಾಡಿಯ ಶಾಲೆಯಲ್ಲಿ ಮೇಜಿನ ಕೆಳಗೆ ತಲೆ ತೂರಿಸಿಕೊಂಡು ಕೂತಿದ್ದೆ. ನಗು ಉಕ್ಕಿ ತಲೆ ಎತ್ತಿದ್ದೇ ತಡ, ಮೇಜಿನ ಹಲಗೆ ನೆತ್ತಿಗೆ ಠಣ್ಣೆಂದು ಬಡಿಯಿತು. ನಮ್ಮ ಕಡೆ ಜಡ್ಡು ಅಂದರೆ ಕಾಯಿಲೆ. ಇಂಗ್ಲಿಷಿನ ಕೊನೆಯ ಅಕ್ಷರಕ್ಕೆ ನಮ್ಮ ಮಾತಿನಲ್ಲಿ ಇಷ್ಟು ಒಪ್ಪುವ ಜೋಡಿ ಸಿಕ್ಕೀತೆಂದು ನಾನು ಎಣಿಸಿರಲಿಲ್ಲ. ನೆತ್ತಿ ತಿಕ್ಕಿಕೊಳ್ಳುತ್ತಲೇ ಏನಾಗಿದೆ ಹೇಳು ಅಂದೆ.

“ಕೆಂಪಂದು ಇಂಟು ಮಾರ್ಕ್ ಬಿದ್ದದರಿ. ಒತ್ತಿದ್ರ ದಾರಿ ಸಿಗವಲ್ದು ಅಂತದ. ಏಳೂ ಕಂಪ್ಯೂಟರ್‌ನಾಗ ಹಂಗೇ ಅದ.”

ಏಳಕ್ಕೆ ಏಳೂ! ನನ್ನ ಮೈ ಜುಮ್ಮೆಂದಿತು. ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಕ್ಷಣಕ್ಕೆ ನನಗಾದದ್ದು ಖುಷಿ. ನನ್ನ ಅತ್ತೆ ಬಂದವರ ಮುಂದೆಲ್ಲ ಆಡಿಕೊಳ್ಳುತ್ತಾರೆ: “ಇಕಿಗಿ ಮನ್ಯಾಗಿನ ಮಿಕ್ಸರ್ ಕೆಟ್ರ ಸಿಟ್ಟು ಬರ್ತದ, ಮಂದಿ ಕಂಪ್ಯೂಟರ್ ಕೆಟ್ರ ಹಬ್ಬ ಆಗ್ತದ.” ಅವರ ಮಾತಿನಲ್ಲಿ ಸುಳ್ಳೇನಿಲ್ಲ.

ಐದು ಊರುಗಳಲ್ಲಿ ಶಾಲೆ ನಡೆಸುವ ಒಂದು ಖಾಸಗಿ ಸಂಸ್ಥೆಯ ಕಂಪ್ಯೂಟರ್‌ಗಳನ್ನೆಲ್ಲ ನೋಡಿಕೊಳ್ಳುವವಳು ನಾನೊಬ್ಬಳೇ. ಸೋಮವಾರ ಸೇಡಂ, ಮಂಗಳವಾರ ಚಿತ್ತಾಪುರ, ಬುಧವಾರ ವಾಡಿ, ಗುರುವಾರ ಶಹಾಬಾದ, ಶುಕ್ರವಾರ ಚಿಂಚೋಳಿ. ಶನಿವಾರ ಎಲ್ಲಿ ಬೊಬ್ಬೆ ಎದ್ದಿರುತ್ತದೋ ಅಲ್ಲಿ. ಮನೆ ವಾಡಿಯಲ್ಲಿರುವುದರಿಂದ ರೈಲು ಕೈಯಳತೆಯಲ್ಲೇ ಇದೆ. ಚಿಂಚೋಳಿಗೆ ಮಾತ್ರ ಬಸ್ಸು, ಬಸ್ಸಿನಲ್ಲಿ ಸೊಂಟದ ಪಾಡು ಕೇಳಬೇಡಿ. ಸಿಪಿಯು ಮುಚ್ಚಳ ತೆಗೆದರೆ ಒಳಗಿನ ಧೂಳು ನೋಡಿಯೇ ಊರು ಹೇಳಬಲ್ಲೆ ಎಂದು ನಾನು ಜಂಬ ಕೊಚ್ಚುವುದುಂಟು. ವಾಡಿಯದು ಸಿಮೆಂಟಿನ ಬೂದಿ, ಶಹಾಬಾದದ್ದು ಕಲ್ಲು ಕೊರೆದ ಬಿಳಿ ಹುಡಿ, ಚಿಂಚೋಳಿಯದು ಕೆಂಪು ಮಣ್ಣು. ಆರಂಭದಲ್ಲಿ ನನ್ನನ್ನು ನೋಡಿ “ರಿಪೇರಿಯವ್ರು ಯಾವಾಗ ಬರ್ತಾರ್ರಿ?” ಎಂದು ನನ್ನನ್ನೇ ಕೇಳುತ್ತಿದ್ದವರು ಈಗ ದೂರದಿಂದಲೇ “ಬರ್ರಿ ಅಕ್ಕಾ, ಕುಂದ್ರಿ, ಚಹಾ ಹೇಳ್ತೀನಿ” ಅನ್ನುತ್ತಾರೆ. ಆ ಮರ್ಯಾದೆ ನನಗೆ ಭಾಳ ಇಷ್ಟ.

ಜಡ್ ಡ್ರೈವ್ ಎಂದರೇನೆಂದು ಗೊತ್ತಿಲ್ಲದವರಿಗೆ ಇಷ್ಟು ಹೇಳಿದರೆ ಸಾಕು. ಸೇಡಂ ಕಚೇರಿಯಲ್ಲಿ ಏಳು ಕಂಪ್ಯೂಟರ್‌ಗಳಿವೆ. ದಾಖಲೆಗಳು ಇರುವುದು ಒಂದರಲ್ಲಿ ಮಾತ್ರ. ಉಳಿದ ಆರಕ್ಕೂ ಅವು ತಮ್ಮೊಳಗೇ ಇದ್ದಂತೆ, ಜಡ್ ಎಂಬ ಅಕ್ಷರದಡಿ ಕಾಣುತ್ತವೆ. ಒಬ್ಬರ ಮನೆಯ ಕಪಾಟಿಗೆ ಎಲ್ಲರ ಮನೆಯಿಂದಲೂ ಬಾಗಿಲು ಇಟ್ಟ ಹಾಗೆ. ಆ ಕಪಾಟು ಇದ್ದದ್ದು ಹೆಡ್ ಕ್ಲರ್ಕ್ ಕಾಕಾ ಅವರ ಕಂಪ್ಯೂಟರಿನಲ್ಲಿ. ವರ್ಷಗಳ ಹಿಂದೆ ಇದನ್ನು ಜೋಡಿಸಿದ ಯಾವನೋ ಪುಣ್ಯಾತ್ಮ ಕಾಕಾ ಅವರ ಯಂತ್ರಕ್ಕೂ ಅದೇ ಜಡ್ ಬಾಗಿಲನ್ನೇ ಇಟ್ಟು ಹೋಗಿದ್ದ. ಹೀಗಾಗಿ ತಮ್ಮದೇ ಕಪಾಟಿಗೆ ಅವರೂ ಹೊರಗಿನಿಂದ ಸುತ್ತು ಹಾಕಿಕೊಂಡೇ ಬರುತ್ತಿದ್ದರು. ಬೇರೆ ದಾರಿ ಇದೆಯೆಂದು ಅವರಿಗೆ ಯಾರೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ.

ಕಾಕಾ ಎಂದರೆ ಕಚೇರಿಗೆಲ್ಲ ಕಾಕಾ. ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಮೂಗಿನ ತುದಿಗೆ ಕನ್ನಡಕ. ಶಾಲೆಯ ಹಳೆಯ ದಾಖಲಾತಿ ರಿಜಿಸ್ಟರುಗಳಿಗೆ ಗೆದ್ದಲು ಹತ್ತಿದಾಗ ಮಿಕ್ಕವರು ಅಯ್ಯೋ ಅಂದು ಸುಮ್ಮನಾದರು. ಕಾಕಾ ಮಾತ್ರ ದಿನಾ ಶಾಲೆ ಬಿಟ್ಟ ಮೇಲೆ ಒಂದು ತಾಸು ಕೂತು, ಎರಡೇ ಬೆರಳಿನಲ್ಲಿ ಕುಟ್ಟುತ್ತ, ಒಂದೊಂದೇ ಹೆಸರನ್ನು ಕಂಪ್ಯೂಟರಿಗೆ ಏರಿಸಿದರು. ಆರು ವರ್ಷ ಹಿಡಿಯಿತು. ಹುಡುಗನ ಹೆಸರು, ಅಪ್ಪನ ಹೆಸರು, ಊರು, ಹುಟ್ಟಿದ ತಾರೀಖು. ಆಡಕಿಯಿಂದ, ತೆಂಗಳಿಯಿಂದ ಜನ ಬಂದು ತಮ್ಮ ಹುಟ್ಟಿದ ತಾರೀಖು ಕೇಳುತ್ತಾರೆ. ಪಿಂಚಣಿಗೆ ಬೇಕು, ಪಾಸ್‌ಪೋರ್ಟಿಗೆ ಬೇಕು, ಮಗಳ ಜಾತಿ ಪ್ರಮಾಣಪತ್ರಕ್ಕೆ ಅಪ್ಪನ ಶಾಲೆಯ ದಾಖಲೆ ಬೇಕು. ಕಾಕಾ ಹುಡುಕಿ ಕೊಡುತ್ತಿದ್ದರು. ಅವರಿಗೊಂದು ನಿಯಮವಿತ್ತು. ರಿಜಿಸ್ಟರಿನಲ್ಲಿ ಹೆಸರು ಹೇಗಿದೆಯೋ ಹಾಗೆಯೇ ಬರೆಯಬೇಕು. ಕಾಗುಣಿತ ತಪ್ಪಿದ್ದರೂ ಸರಿ, ಹೆಸರಿನವರೇ ಬಂದು ಅರ್ಜಿ ಕೊಡುವವರೆಗೆ ಒಂದು ಒತ್ತು, ಒಂದು ಕೊಂಬನ್ನೂ ಮುಟ್ಟಕೂಡದು.

ಇದಕ್ಕೆಲ್ಲ ಇನ್ನೊಂದು ನಕಲು ಇಟ್ಟಿರಲಿಲ್ಲವೇ ಎಂದು ನೀವು ಕೇಳಬಹುದು. ಇಡಬೇಕಾದವಳು ನಾನೇ. ಮುಂದಿನ ಸೋಮವಾರ, ಅದರ ಮುಂದಿನ ಸೋಮವಾರ ಎಂದು ತಳ್ಳುತ್ತ ಬಂದಿದ್ದೆ.

ಆ ಬುಧವಾರ ಫೋನಿನಲ್ಲಿ ನಾನು ಕೇಳಿದ ಮೊದಲ ಪ್ರಶ್ನೆ ನನ್ನ ಕಸುಬಿನ ಮಾಮೂಲಿ ಪ್ರಶ್ನೆ. “ಕಡಿಗಿ ಮುಟ್ಟಿದವ್ರು ಯಾರು?”

“ಕಾಕಾರುರಿ” ಅಂದಳು ಟೈಪಿಸ್ಟ್ ತಂಗಿ. “ಎಂದೂ ಬಂದ್ ಮಾಡದವ್ರು ನಿನ್ನಿ ಸಂಜಿಗಿ ಕಂಪ್ಯೂಟರ್ ಬಂದ್ ಮಾಡಿ ಅರಿವಿ ತಗೊಂಡು ಗುಂಡಿ ಗುಂಡಿ ಒರಸ್ಯಾರ. ಶನಿವಾರ ರಿಟೈರ್ ಆಗ್ಲಿಕತ್ತಾರಲ್ರಿ, ಸ್ವಚ್ಛ ಮಾಡಿ ಒಪ್ಪಿಸ್ತೀನಿ ಅಂದ್ರು. ಇವತ್ತ ಮುಂಜಾನಿ ಚಾಲೂ ಮಾಡಿದ್ರ ಹಿಂಗ ಆಗ್ಯಾದ.”

“ಹಂಗಾದ್ರ ಕೈತಪ್ಪಿ ಅಳಿಸಿರಬೇಕು. ಆ ಕಂಪ್ಯೂಟರ್ ಯಾರೂ ಮುಟ್ಟಬ್ಯಾಡ್ರಿ. ಬಂದ್ ಸುದ್ದಾ ಮಾಡಬ್ಯಾಡ್ರಿ. ನಾ ಶನಿವಾರ ಮುಂಜಾನಿ ಬರ್ತೀನಿ.”

ಹೇಳಿದ್ದು ಎರಡು ಮಾತು. ಕೈತಪ್ಪಿ ಅಳಿಸಿರಬೇಕು ಎಂಬ ಆ ಎರಡು ಮಾತು ನನ್ನ ಬಾಯಿಂದ ಉದುರಿ, ವಾಡಿಯಿಂದ ಸೇಡಂಗೆ ನನಗಿಂತ ಮೂರು ದಿನ ಮೊದಲು ಹೋಗಿ ಕೂತಿತ್ತು.

ಗುರುವಾರ ಶಹಾಬಾದದ ಶಾಲೆಗೆ ಹೊಸ ಯಂತ್ರಗಳು ಬರುವುದಿತ್ತು, ಶುಕ್ರವಾರ ಚಿಂಚೋಳಿಯಲ್ಲಿ ಪ್ರಶ್ನೆಪತ್ರಿಕೆಗಳ ಮುದ್ರಣ. ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಆದರೆ ತಲೆಯೆಲ್ಲ ಸೇಡಂನಲ್ಲೇ. ಶಹಾಬಾದದಲ್ಲಿ ಹೊಸ ಡಬ್ಬಿ ಬಿಚ್ಚುತ್ತ ಅದೇ ಯೋಚನೆ, ಚಿಂಚೋಳಿಯ ಬಸ್ಸಿನಲ್ಲಿ ಕಿಟಕಿಗೆ ಒರಗಿಕೊಂಡೂ ಅದೇ ಯೋಚನೆ. ತಂತಿ ಕಡಿದಿರಬಹುದೇ? ತಂತಿಗಳೆಲ್ಲ ಸೇರುವ ಗೋಡೆಯ ಪೆಟ್ಟಿಗೆ ಸುಟ್ಟಿರಬಹುದೇ? ಪಾಸ್‌ವರ್ಡ್ ಬದಲಾಗಿರಬಹುದೇ? ಟಿಕೆಟ್ಟಿನ ಹಿಂದೆ ಒಂದೊಂದೇ ಅನುಮಾನ ಬರೆಯುತ್ತ ಹೋದೆ. ಜಾಗ ಸಾಲದೆ ಅಂಗೈ ಮೇಲೂ ಬರೆದೆ. ಪಕ್ಕದಲ್ಲಿ ಕೂತ ಹೆಂಗಸು “ಸಾಲಿ ಪರೀಕ್ಷಾ ಅದೇನವಾ?” ಎಂದು ಕೇಳಿದಳು. ಹೌದು ಅಂದೆ. ಒಟ್ಟಿನಲ್ಲಿ ಶನಿವಾರ ಬೆಳಿಗ್ಗೆ ವಾಡಿ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುವಾಗ ಮದುವೆಗೆ ಹೊರಟವಳ ಹಾಗೆ ಕಾಲು ನಿಲ್ಲುತ್ತಿರಲಿಲ್ಲ. ಚಿತ್ತಾಪುರದಲ್ಲಿ ರೈಲು ಕ್ರಾಸಿಂಗಿಗೆ ನಿಂತಾಗ ಇಳಿದು ತಳ್ಳಲೇ ಅನ್ನಿಸಿತು.

ಸೇಡಂ ಸ್ಟೇಷನ್ನಿನಿಂದ ಹತ್ತಿದ ಆಟೋದಲ್ಲಿ ನನ್ನ ಉತ್ಸಾಹಕ್ಕೆ ಮೊದಲ ಏಟು ಬಿತ್ತು. ಶಾಲೆಗೆ ಅಂದ ಕೂಡಲೇ ಡ್ರೈವರ್ ಹಿಂದೆ ತಿರುಗಿದ. “ಆ ಸಾಲಿಗೇನ್ರಿ? ಅಲ್ಲಿ ಮುದುಕ ಕ್ಲರ್ಕ್ ಮಂದಿದೆಲ್ಲ ಹುಟ್ಟಿದ ತಾರೀಖು ಅಳಿಸಿಬಿಟ್ಟಾನಂತಲ್ರಿ! ನಮ್ಮ ಮಾವನ ಮಗ ಎಲ್ಡ್ ದಿನ ಹೋಗಿ ಖಾಲಿ ಕೈಲೆ ಬಂದಾನ. ಈಗ ಊರಾಗ ಯಾರೂ ಹುಟ್ಟೇ ಇಲ್ಲ ಅಂದಂಗಾತು.” ತನ್ನ ಮಾತಿಗೆ ತಾನೇ ನಕ್ಕ. ಬೇರೆ ದಿನವಾದರೆ ನಾನೂ ನಗುತ್ತಿದ್ದೆನೇನೋ. ಅವತ್ತು ಕಿವಿ ಬಿಸಿಯಾಯಿತು.

ಶಾಲೆಯ ಪಡಸಾಲೆಯಲ್ಲಿ ಶಹಾಬಾದ ಕಲ್ಲಿನ ಬೆಂಚಿನ ಮೇಲೆ ಕಾಕಾ ಕೂತಿದ್ದರು. ಕೆಲಸಕ್ಕೆ ಬಂದವರ ಹಾಗಲ್ಲ, ಕೆಲಸ ಕೇಳಿಕೊಂಡು ಬಂದವರ ಹಾಗೆ, ತುದಿಯಲ್ಲಿ, ಎರಡೂ ಕೈ ಮೊಣಕಾಲ ಮೇಲೆ ಇಟ್ಟು. ಅವರ ಕೋಣೆಗೆ ಬೀಗ. ಟೈಪಿಸ್ಟ್ ತಂಗಿ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದಳು: “ನೀವೇ ಅಂದ್ರೆಲ್ರಿ ಯಾರೂ ಮುಟ್ಟಬ್ಯಾಡ್ರಿ ಅಂತ. ಸಂಸ್ಥೆದ ಸೆಕ್ರೆಟರಿ ಸಾಹೇಬ್ರು ಬುಧವಾರನೇ ಕೀಲಿ ಹಾಕಿ ಚಾವಿ ಒಯ್ದಾರ. ಮೂರು ದಿನಾತು, ಕಾಕಾರು ಹೊರಗೇ ಕುಂತಾರ.”

ಮೂವತ್ತು ವರ್ಷದ ನೌಕರಿಯ ಕೊನೆಯ ಮೂರು ದಿನ, ಅದೂ ನನ್ನ ಮಾತಿನ ಮೇಲೆ! ಹನ್ನೆರಡು ಗಂಟೆಗೆ ಸಭಾಂಗಣದಲ್ಲಿ ಅವರಿಗೆ ಬೀಳ್ಕೊಡುಗೆ. ಅಷ್ಟರೊಳಗೆ ಆ ದಾಖಲೆಗಳು ಸಿಗದಿದ್ದರೆ ಮಂದಿಯ ಹುಟ್ಟಿದ ತಾರೀಖು ಅಳಿಸಿದ ಮುದುಕ ಎಂಬ ಹೆಸರು ಹೊತ್ತುಕೊಂಡೇ ಅವರು ಮನೆಗೆ ಹೋಗಬೇಕು. ಆಮೇಲೆ ಸಿಕ್ಕರೆ ಏನು ಬಂತು? ಊರು ಒಂದು ಸಲ ನಕ್ಕಿದ್ದನ್ನು ವಾಪಸು ತೆಗೆದುಕೊಳ್ಳುವುದಿಲ್ಲ.

ಕಾಕಾ ನನ್ನನ್ನು ನೋಡಿ ಎದ್ದು ನಿಂತರು. ನನಗಿಂತ ಇಪ್ಪತ್ತೈದು ವರ್ಷ ದೊಡ್ಡವರು ನನಗಾಗಿ ಎದ್ದು ನಿಂತರು! “ಬಂದಿ ತಂಗಿ? ನಿನ್ನ ಕೈಗುಣ ಛಲೋ ಅದ. ನೋಡು, ಏನರೆ ಉಳದದೇನು. ಅರ್ಧಾ ಸಿಕ್ರೂ ನಡೀತದ. ಉಳದದ್ದು ಮನ್ಯಾಗ ಕುಂತು ಮತ್ತ ಟೈಪ್ ಮಾಡಿ ಕೊಡ್ತೀನಿ.”

“ನೋಡ್ತೀನ್ರಿ ಕಾಕಾ” ಎಂದು ಒಳಗೆ ನುಗ್ಗಿದೆ. ಚಾವಿ ಸೆಕ್ರೆಟರಿಯವರ ಜೇಬಿನಲ್ಲಿತ್ತು, ಸೆಕ್ರೆಟರಿಯವರು ಮುಖ್ಯ ಅತಿಥಿಗಳನ್ನು ಕರೆತರಲು ಹೋಗಿದ್ದರು, ಫೋನ್ ಎತ್ತುತ್ತಿರಲಿಲ್ಲ. ಗಡಿಯಾರದಲ್ಲಿ ಒಂಬತ್ತೂವರೆ. ಆಗಲಿ, ಬಾಗಿಲ ಹೊರಗಿನಿಂದಲೇ ನೋಡೋಣ ಎಂದು ಟೈಪಿಸ್ಟ್ ತಂಗಿಯ ಕುರ್ಚಿ ಎಳೆದುಕೊಂಡು ಕೂತೆ.

ಜಡ್ ಒತ್ತಿದೆ. ಕೆಂಪು ಇಂಟು. ನೆಟ್‌ವರ್ಕ್ ದಾರಿ ಸಿಗಲಿಲ್ಲ ಎಂಬ ಸಂದೇಶ. ಮೊದಲು ತಂತಿಗಳನ್ನು ನೋಡಿದೆ. ಎಲ್ಲ ಕಂಪ್ಯೂಟರ್‌ಗಳ ತಂತಿಯೂ ಬಂದು ಸೇರುವ ಕಪ್ಪು ಪೆಟ್ಟಿಗೆ ಗೋಡೆಯ ಮೇಲಿದೆ. ತಂತಿಗೊಂದು ಪುಟ್ಟ ಹಸಿರು ದೀಪ. ಸ್ಟೂಲ್ ಹತ್ತಿ ಧೂಳು ಊದಿದೆ. ಒಂದು, ಎರಡು, ಮೂರು… ಏಳನೆಯ ತಂತಿ ಗೋಡೆಯ ತೂತಿನಿಂದ ಬೀಗ ಹಾಕಿದ ಕೋಣೆಗೆ ಹೋಗುವಂಥದ್ದು. ಅದರ ದೀಪವೂ ಮಿಣಮಿಣ ಎನ್ನುತ್ತಿತ್ತು! ಅಂದರೆ ಕಾಕಾ ಅವರ ಯಂತ್ರ ಒಳಗೆ ಎಚ್ಚರವಾಗಿತ್ತು, ತಂತಿಯೂ ಗಟ್ಟಿಯಾಗಿತ್ತು. ಸ್ಟೂಲಿನ ಮೇಲೆಯೇ ಚಪ್ಪಾಳೆ ತಟ್ಟಿದೆ. ಟೈಪಿಸ್ಟ್ ತಂಗಿ ಗಾಬರಿಯಾಗಿ ಸ್ಟೂಲು ಹಿಡಿದುಕೊಂಡಳು.

ಇಳಿದು ಬಂದು ಕಂಪ್ಯೂಟರಿಗೆ ಆಜ್ಞೆ ಕೊಡುವ ಕಪ್ಪು ಪರದೆ ತೆರೆದೆ. ಒಂದೊಂದು ಕಂಪ್ಯೂಟರಿಗೂ ಒಂದು ನಂಬರು ಇರುತ್ತದೆ, ಮೊಬೈಲಿಗೆ ಇದ್ದ ಹಾಗೆ. ಏಳೂ ನಂಬರು ನನ್ನ ಡೈರಿಯಲ್ಲಿದ್ದವು. ಕಾಕಾ ಅವರ ನಂಬರು ಕೊಟ್ಟು, ಇದ್ದೀಯಾ ಎಂದು ಕೇಳುವ ಆಜ್ಞೆ ಒತ್ತಿದೆ. ಒತ್ತಿ ಬೆರಳು ಕಚ್ಚಿಕೊಂಡೆ. ಟಕ್, ಟಕ್, ಟಕ್, ಟಕ್. ನಾಲ್ಕು ಸಾಲು ಉತ್ತರ.

“ಮಾತಾಡ್ತು! ಒಳಗ ಜೀವ ಅದ!” ಎಂದು ಕೂಗಿಬಿಟ್ಟೆ. ಪಕ್ಕದ ಕೋಣೆಯ ಇಬ್ಬರು ಮೇಷ್ಟರು ಓಡಿಬಂದರು. ಯಾರೋ ಒಳಗೆ ಸಿಕ್ಕಿಹಾಕಿಕೊಂಡಿದ್ದಾರೆ ಎಂದು ತಿಳಿದರೋ ಏನೋ, ಒಬ್ಬರು ಬೀಗವನ್ನೂ ಜಗ್ಗಿ ನೋಡಿದರು.

ನಂಬರಿಗೆ ಉತ್ತರ ಬಂತು. ಹಾಗಿದ್ದರೆ ಜಡ್ ಯಾಕೆ ತೆರೆಯದು? ಜಡ್ ಯಾವ ವಿಳಾಸಕ್ಕೆ ಹೋಗುತ್ತಿದೆ ಎಂದು ನೋಡಿದೆ. ಅದು ನಂಬರು ಹಿಡಿದು ಹೋಗುತ್ತಿರಲಿಲ್ಲ; ಹೆಸರು ಕೂಗುತ್ತಿತ್ತು. ಎಸ್, ಇ, ಆರ್, ಎ, ಎಂ. ಸೇರಂ. ಅದೇ ಹೆಸರು ಕೊಟ್ಟು ನಾನೂ ಕೇಳಿದೆ: ಇದ್ದೀಯಾ? ಆ ಹೆಸರಿನವರು ಇಲ್ಲಿ ಯಾರೂ ಇಲ್ಲ ಎಂದು ಉತ್ತರ. ಎದೆ ಡವಡವ ಹೊಡೆದುಕೊಳ್ಳತೊಡಗಿತು. ಹೆದರಿಕೆಯಿಂದಲ್ಲ, ಕಳ್ಳ ಇದೇ ಓಣಿಯಲ್ಲಿದ್ದಾನೆ ಎಂದು ಗೊತ್ತಾದಾಗಿನ ಸಂಭ್ರಮದಿಂದ. ಈಗ ಉಲ್ಟಾ ಕೇಳಿದೆ: ಈ ನಂಬರಿನವನೇ, ನಿನ್ನ ಹೆಸರೇನಪ್ಪಾ?

ಎಸ್, ಇ, ಡಿ, ಎ, ಎಂ. ಸೇಡಂ.

ಒಂದೇ ಒಂದು ಅಕ್ಷರ! ಹಾಜರಿ ಕರೆಯುವ ಮೇಷ್ಟರು ಹಳೆಯ ಹೆಸರು ಕೂಗುತ್ತಿದ್ದರು. ಹೆಸರು ಬದಲಾದ ಹುಡುಗ ಕೊನೆಯ ಬೆಂಚಿನಲ್ಲಿ ಕೂತೇ ಇದ್ದ, ತನ್ನನ್ನಲ್ಲ ಎಂದು ಸುಮ್ಮನಿದ್ದ. ಗೈರುಹಾಜರಿ ಹಾಕಿ ಎಲ್ಲರೂ ಮುಂದೆ ಹೋಗಿದ್ದರು. ವಿಳಾಸದ ಜಾಗದಲ್ಲಿ ಆರ್ ಅಳಿಸಿ ಡಿ ಹಾಕಿ ಎಂಟರ್ ಒತ್ತಿದೆ.

ಹಳದಿ ಫೋಲ್ಡರ್ ತೆರೆದುಕೊಂಡಿತು. ಒಳಗೆ ರಿಜಿಸ್ಟರುಗಳ ಸಾಲು, ಒಂದರ ಕೆಳಗೊಂದು, ಪರದೆ ಮುಗಿದರೂ ಮುಗಿಯದಷ್ಟು. ಯಾವುದೋ ಒಂದನ್ನು ತೆರೆದೆ. ಆಡಕಿಯ ಯಾವನೋ ಹುಡುಗ, ಅವನಪ್ಪನ ಹೆಸರು, ಅವನು ಹುಟ್ಟಿದ ದಿನ. ಇನ್ನೊಂದು ತೆರೆದೆ. ಎಲ್ಲರೂ ಇದ್ದರು, ಎಲ್ಲರೂ ಹುಟ್ಟಿದ್ದರು! ನಾನು ಕುರ್ಚಿಯಿಂದ ಜಿಗಿದೆ. ಟೈಪಿಸ್ಟ್ ತಂಗಿ ನನ್ನನ್ನು ಅಪ್ಪಿಕೊಂಡು ಕುಣಿದಳು. ಮೇಷ್ಟರೊಬ್ಬರು “ಬಿಲ್ಕುಲ್ ಖರೇನ್ರಿ? ಪೂರಾ ಸಿಕ್ಕಾವ?” ಎಂದು ಮೂರು ಸಲ ಕೇಳಿದರು. ಉಳಿದ ಐದು ಯಂತ್ರಗಳಲ್ಲೂ ಓಡಾಡಿ ಆರ್ ಇದ್ದಲ್ಲಿ ಡಿ ಮಾಡಿದೆ. ಒಂದೊಂದರಲ್ಲೂ ಕೆಂಪು ಇಂಟು ಮಾಯವಾಗುವುದನ್ನು ಐದು ಸಲ ನೋಡಿದೆ, ಐದು ಸಲವೂ ಖುಷಿಪಟ್ಟೆ. ಕಾಕಾರಿಗೆ ಹೇಳಲು ಪಡಸಾಲೆಗೆ ಓಡಿದೆ. ಬೆಂಚು ಖಾಲಿಯಿತ್ತು. ಹೆಂಡತಿಯನ್ನು ಕರೆತರಲು ಮನೆಗೆ ಹೋಗಿದ್ದರು.

ವಾಪಸು ಬಂದಾಗ ಟೈಪಿಸ್ಟ್ ತಂಗಿ ಪರದೆಯ ಮೇಲಿನ ಹೆಸರನ್ನೇ ನೋಡುತ್ತಿದ್ದಳು. “ಆದ್ರ ಅಕ್ಕಾ, ಸೇರಂ ಇದ್ದದ್ದು ಸೇಡಂ ಹೆಂಗಾತ್ರಿ? ಕಾಕಾರೇ ಇಟ್ಟ ಹೆಸರದು. ಹಳೀ ರಿಜಿಸ್ಟರ್ ಮ್ಯಾಗ ಇಂಗ್ಲಿಷಿನ್ಯಾಗ ಹಂಗೇ ಬರದದಂತ. ಅವರಪ್ಪಾರು ನಿಜಾಮರ ಕಾಲದಾಗ ಉರ್ದು ಸಾಲಿ ಕಲ್ತವ್ರು. ಉರ್ದುದಾಗ ನಮ್ಮೂರ ಹೆಸರಿನ ನಡುವಿನ ಅಕ್ಷರ ಪೂರಾ ಡನೂ ಅಲ್ಲ, ಪೂರಾ ರನೂ ಅಲ್ಲಂತ್ರಿ. ಅದನ್ನ ಇಂಗ್ಲಿಷಿನವ್ರು ಆರ್ ಅಂತ ಬರಕೊಂಡಾರ. ರಿಜಿಸ್ಟರ್‌ನಾಗ ಹೆಂಗದ ಹಂಗ ಇರ್ಲಿ ಅಂತ ಕಾಕಾರು ಕಂಪ್ಯೂಟರಿಗೂ ಅದೇ ಹೆಸರು ಇಟ್ಟಿದ್ರು.”

ಅವಳು ಹೇಳುತ್ತಿದ್ದ ಹಾಗೆಯೇ ನನಗೆ ಸೋಮವಾರ ನೆನಪಾಯಿತು.

ಆ ವಾರ ನನಗೆ ಶಿಸ್ತಿನ ಹುಚ್ಚು ಹಿಡಿದಿತ್ತು. ಐದೂ ಊರಿನ ಯಂತ್ರಗಳ ಹೆಸರುಗಳನ್ನು ಒಪ್ಪವಾಗಿ ಇಡಬೇಕೆಂದು ಹೊರಟಿದ್ದೆ. ಸೋಮವಾರ ಕಾಕಾ ಅವರ ಯಂತ್ರ ನೋಡುವಾಗ ಸೇರಂ ಎಂಬ ಹೆಸರು ಕಣ್ಣಿಗೆ ಬಿತ್ತು. ಅಯ್ಯೋ, ಊರಿನ ಹೆಸರನ್ನೇ ತಪ್ಪು ಬರೆದಿದ್ದಾರಲ್ಲ ಎಂದು ಮನಸ್ಸಿನಲ್ಲೇ ನಕ್ಕು ಆರ್ ತೆಗೆದು ಡಿ ಹಾಕಿದೆ. ಕಂಪ್ಯೂಟರ್ ಬಂದ್ ಮಾಡಿ ಮತ್ತೆ ಚಾಲೂ ಮಾಡಿದರೆ ಹೊಸ ಹೆಸರು ಬರುತ್ತದೆ, ಈಗಲೇ ಮಾಡಲೇ ಎಂದು ಅದು ಕೇಳಿತು. “ಈಗ ಬ್ಯಾಡ ತಂಗಿ, ಮಂದಿ ನಿಂತಾರ” ಅಂದಿದ್ದರು ಕಾಕಾ. ಆಮೇಲೆ ಎಂದು ಒತ್ತಿ ಎದ್ದು ಹೋದೆ. ಏನು ಮಾಡಿದೆನೆಂದು ಅವರಿಗೆ ಹೇಳಲೂ ಇಲ್ಲ. ಮರುದಿನ ಚಿತ್ತಾಪುರದಲ್ಲಿ ಅಂಥದೇ ಮತ್ತೊಂದು ಹೆಸರು ತಿದ್ದಿದೆ. ಅಲ್ಲಿ ಹಂಚಿಕೊಂಡ ಫೋಲ್ಡರ್ ಇಲ್ಲದ್ದರಿಂದ ಏನೂ ಆಗಲಿಲ್ಲ, ನನ್ನ ತಲೆಯಿಂದಲೂ ಎಲ್ಲ ಹೋಗಿಬಿಟ್ಟಿತು. ಅದೇ ಸಂಜೆ ಕಾಕಾ ಯಂತ್ರವನ್ನು ಬಂದ್ ಮಾಡಿ ಪ್ರೀತಿಯಿಂದ ಒರೆಸಿದರು. ಬುಧವಾರ ಅದು ಹೊಸ ಹೆಸರು ಹೊತ್ತು ಎದ್ದಿತು.

ಅವರು ಮೂವತ್ತು ವರ್ಷದಲ್ಲಿ ಅರ್ಜಿ ಇಲ್ಲದೆ ಒಬ್ಬ ಹುಡುಗನ ಹೆಸರಿನ ಕಾಗುಣಿತ ಮುಟ್ಟಿದವರಲ್ಲ. ನಾನು ಯಾರ ಅರ್ಜಿಯೂ ಇಲ್ಲದೆ ಒಂದು ಊರಿನ ಹೆಸರನ್ನೇ ತಿದ್ದಿದ್ದೆ. ಸಾಲದ್ದಕ್ಕೆ ಫೋನಿನಲ್ಲಿ ಠಾಕುಠೀಕಾಗಿ, ಕಡೆಗೆ ಮುಟ್ಟಿದವರು ಯಾರು ಎಂದು ವಿಚಾರಣೆ ಬೇರೆ!

ಹೇಳಬೇಕು ಎಂದುಕೊಳ್ಳುವಷ್ಟರಲ್ಲಿ ಸೆಕ್ರೆಟರಿಯವರ ಕಾರು ಬಂತು. ಯಾರೋ ಓಡಿಹೋಗಿ ಸಿಕ್ಕಿತು ಸಿಕ್ಕಿತು ಎಂದು ಹೇಳಿಯಾಗಿತ್ತು. ಅವರು ಬಂದವರೇ ನನಗೆ ಕೈಮುಗಿದು, “ಶಾಬಾಶ್ ಮೇಡಂ! ನಡ್ರಿ, ಸ್ಟೇಜಿಗಿ ಬರ್ರಿ, ನೀವೂ ಬೇಕು” ಎಂದರು. “ಸರ್, ಒಂದು ಮಾತು ಹೇಳೂದಿತ್ತು” ಅಂದೆ. “ಎಲ್ಲಾ ಆಮೇಲೆ, ಅತಿಥಿಗಳು ಕಾಯ್ಲಿಕತ್ತಾರ” ಅಂದರು. ಆಮೇಲೆ ಎಂಬ ಶಬ್ದದ ಮೇಲೆ ನನಗೆ ಆವತ್ತಿನಷ್ಟು ಸಿಟ್ಟು ಎಂದೂ ಬಂದಿರಲಿಲ್ಲ.

ಸಭಾಂಗಣ ತುಂಬಿತ್ತು. ಮೇಷ್ಟರು, ಮಕ್ಕಳು, ಊರಿನವರು, ದಾಖಲೆಗೆ ಬಂದು ವಾಪಸು ಹೋದವರಲ್ಲೂ ನಾಲ್ಕಾರು ಜನ. ಕಾಕಾ ವೇದಿಕೆಯ ನಡುವಿನ ಕುರ್ಚಿಯಲ್ಲಿ ನೆಲ ನೋಡುತ್ತ ಕೂತಿದ್ದರು. ಅವರ ಹೆಂಡತಿಗೆ ಮುಂದಿನ ಸಾಲಿನಲ್ಲಿ ಜಾಗ ಇಟ್ಟಿದ್ದರು. ಅವರು ಮಾತ್ರ ಹಿಂದೆ, ಬಾಗಿಲ ಪಕ್ಕ, ಸೆರಗು ಹೊದ್ದು ಗೋಡೆಗೆ ಒತ್ತಿ ಕೂತಿದ್ದರು. ಸೆಕ್ರೆಟರಿಯವರು ಮೈಕ್ ಹಿಡಿದರು. ಕಾಕಾ ಅವರ ಸೇವೆಯನ್ನು ಹೊಗಳಿದರು. ಆಮೇಲೆ ದೊಡ್ಡ ಮನಸ್ಸಿನಿಂದ ಅಂದರು: “ವಯಸ್ಸಾದ ಮ್ಯಾಗ ಕೈತಪ್ಪು ಆಗೂದೇ. ಯಾರೂ ಅದನ್ನ ಮನಸ್ಸಿಗಿ ಹಚ್ಚಿಕೊಬ್ಯಾಡ್ರಿ. ಕಾಕಾರು ಕಳದದ್ದು ನಮ್ಮ ಮೇಡಮ್ಮಾರು ಹುಡುಕಿ ಕೊಟ್ಟಾರ.” ಚಪ್ಪಾಳೆ ಬಿತ್ತು. ಕಾಕಾರಿಗೆ ಹೊದಿಸಿದ ಶಾಲಿನಂಥದೇ ಇನ್ನೊಂದು ಶಾಲು ತಂದು ನನ್ನ ಹೆಗಲ ಮೇಲೆ ಹಾಕಿದರು. ಕಾಕಾ ಕೂಡ ನನ್ನ ಕಡೆ ನೋಡಿ ಕೈಮುಗಿದರು.

ಸುಳ್ಳು ಹೇಳುವುದಿಲ್ಲ, ಸುಮ್ಮನಿದ್ದುಬಿಡಲೇ ಎಂಬ ಯೋಚನೆ ಬಂತು. ದಾಖಲೆ ಸಿಕ್ಕಿದೆ, ಎಲ್ಲರೂ ನಗುತ್ತಿದ್ದಾರೆ. ಹೇಳಿದರೆ ನನ್ನ ಕೆಲಸವೂ ಹೋದೀತು. ಹೆಂಗಸಿಗೆ ಯಾಕೆ ಈ ತಂತಿಯ ಉಸಾಬರಿ ಎನ್ನುವವರು ಐದೂ ಊರಿನಲ್ಲಿದ್ದಾರೆ. ಅಷ್ಟರಲ್ಲಿ ಎರಡು ಮಾತಾಡ್ರಿ ಎಂದು ಮೈಕನ್ನು ನನ್ನ ಕೈಗೇ ಕೊಟ್ಟರು. ಕಾಕಾ ಇನ್ನೂ ಕೈ ಜೋಡಿಸಿಕೊಂಡೇ ಇದ್ದರು. ನನಗೆ ತಡೆಯಲಿಲ್ಲ.

“ಕಾಕಾರು ಏನೂ ಕಳದಿಲ್ಲರಿ” ಅಂದೆ. “ಏನೂ ಅಳಿಸಿಲ್ಲ. ಒಂದು ಅಕ್ಷರ ಸುದ್ದಾ ಅಳಿಸಿಲ್ಲ. ಸೋಮವಾರ ನಾ ಅವರ ಕಂಪ್ಯೂಟರಿನ ಹೆಸರು ಬದಲಿ ಮಾಡೀನಿ. ಅವರಿಗಿ ಕೇಳ್ದೆ ಮಾಡೀನಿ, ಹೇಳ್ದೆ ಹೋಗೀನಿ. ಅದಕ್ಕೇ ಉಳದ ಕಂಪ್ಯೂಟರಿಗಿ ಅದು ಸಿಗಲಿಲ್ಲ. ತಪ್ಪು ನಂದು. ಫೋನ್‌ನಾಗ ಅವರ ಮ್ಯಾಗ ಹಾಕ್ದಾಕಿನೂ ನಾನೇ.”

ಸೆಕ್ರೆಟರಿಯವರ ಮುಖ ನೋಡುವ ಧೈರ್ಯವಾಗಲಿಲ್ಲ. ಹೆಗಲ ಮೇಲಿನ ಶಾಲು ತೆಗೆದು ಕುರ್ಚಿಯ ಬೆನ್ನಿಗೆ ಹಾಕಿದೆ.

ಕಾಕಾ ಎದ್ದು ಬಂದು ನನ್ನ ಎದುರಿಗೆ ನಿಂತರು. ಬೈಯುತ್ತಾರೆ ಅಂದುಕೊಂಡೆ, ಬೈಯಲಿ ಎಂದೂ ಅಂದುಕೊಂಡೆ.

“ಖರೇನ ತಂಗಿ?” ಅಂದರು, ನನಗಷ್ಟೇ ಕೇಳುವ ಹಾಗೆ. “ನಾ ಅಳಿಸಿಲ್ಲ?”

“ಇಲ್ರಿ ಕಾಕಾ.”

“ಒರಸೂ ಮುಂದ ಬೆರಳು ಯಾವ ಗುಂಡಿಗಿ ತಾಕ್ತು, ಯಾವ ಗುಂಡಿಗಿ ತಾಕ್ತು ಅಂತ ಮೂರು ದಿನ ನೆನಸ್ಲಿಕತ್ತಿದ್ದೆ. ನಿನ್ನಿ ಒಂದು ಗುಂಡಿ ನೆನಪೂ ಆತು.” ಅವರು ತಮ್ಮ ಬಲಗೈಯ ಬೆರಳು ನೋಡಿಕೊಂಡರು. “ನಾನೇ ಅಳಿಸೀನಿ ಅಂತ ಮನ್ಯಾಗ ಆಕಿಗಿ ಒಪ್ಕೊಂಡುಬಿಟ್ಟೀನಿ.”

ನನ್ನ ಕಣ್ಣು ತುಂಬಿತು. ಅವರು ಬಾಗಿಲ ಪಕ್ಕ ಕೂತ ಹೆಂಡತಿಯ ಕಡೆ ನೋಡಿದರು. ಆ ತಾಯಿ ಪಕ್ಕದವರನ್ನು ಏನೆಂದರು, ಏನೆಂದರು ಎಂದು ಕೇಳುತ್ತಿದ್ದರು.

“ಆಕಿಗಿ ಕಿವಿ ಮಂದ” ಅಂದರು ಕಾಕಾ, ಮೈಕನ್ನು ನನ್ನ ಬಾಯಿಯ ಹತ್ತಿರ ಹಿಡಿದು. “ಇನ್ನೊಮ್ಮೆ ಹೇಳು ತಂಗಿ. ಜೋರಾಗಿ ಹೇಳು.”

ನಾನು ಇನ್ನೊಮ್ಮೆ ಹೇಳಿದೆ. ಈ ಸಲ ಕೂಗಿಯೇ ಹೇಳಿದೆ.